ಜ್ವರವಿಲ್ಲದ ಆರು ತಿಂಗಳು

“ಪ್ರಯಾಣಿಕರ ಗಮನಕ್ಕೆ. ಬಿಳಿ ಗುಳಿಗೆ ನುಂಗುವ ಸಮಯವಾಗಿದೆ. ಮರೆತರೆ ಹೊಟ್ಟೆನೋವಿಗೆ ನೀನೇ ಹೊಣೆ.”

ಬೆಳಗಿನ ಒಂಬತ್ತಕ್ಕೆ ಬಸ್ ನಿಲ್ದಾಣದ ಅಷ್ಟೂ ಧ್ವನಿವರ್ಧಕಗಳು ಹೀಗೆ ಘೋಷಿಸಿದಾಗ, ಪ್ರಕಟಣೆಯ ಗಾಜಿನ ಕೋಣೆಯಲ್ಲಿದ್ದ ಹೆಂಗಸು ನೀರಿನ ಬಾಟಲಿ ಹಿಡಿದವಳು ಹಾಗೇ ಕಲ್ಲಾದಳು. ದನಿ ಅವಳದೇ. ಮರೆಯಬಾರದೆಂದು ತಮಾಷೆಗೆ ಮೊಬೈಲಿನಲ್ಲಿ ತಾನೇ ಮುದ್ರಿಸಿಕೊಂಡ ಎಚ್ಚರಿಕೆ. ಮೈಕು ಆಫ್ ಮಾಡೆಂದು ಎಚ್ಚರಿಸುವವರು ಮಾತ್ರ ಯಾರೂ ಇರಲಿಲ್ಲ. ಮೂರನೇ ಪ್ಲಾಟ್‌ಫಾರಂನಲ್ಲಿ ಕೂತಿದ್ದ ಅಜ್ಜನೊಬ್ಬ ವಿಧೇಯನಾಗಿ ಜೇಬಿನಿಂದ ಬಿಪಿ ಮಾತ್ರೆ ತೆಗೆದು ನುಂಗಿದ. ಆಮೇಲೆ ಕಿಟಕಿಗೆ ಬಂದು, “ಒಳ್ಳೇ ಸೇವೆ ಕಣಮ್ಮ. ಸಂಜೇದೂ ಕೂಗ್ತೀರಾ?” ಎಂದು ವಿಚಾರಿಸಿದ.

ಡ್ರೈವರು ಕಂಡಕ್ಟರುಗಳೆಲ್ಲ ಅವಳನ್ನು ಮೈಕಕ್ಕ ಎನ್ನುತ್ತಾರೆ. ಏಳು ವರ್ಷದಿಂದ ಅದೇ ಕುರ್ಚಿ, ಆದರೂ ತಾತ್ಕಾಲಿಕ ನೌಕರಿ. ಸತತ ಆರು ತಿಂಗಳು ರಜೆ ಹಾಕದೆ ದುಡಿದರೆ ಖಾಯಂ ಮಾಡಬೇಕೆಂಬ ನಿಯಮವಿದೆ. ಇವಳಿಗೋ ತಿಂಗಳಿಗೆ ಮೂರು ದಿನ ನೆಟ್ಟಗೆ ನಿಲ್ಲಲಾಗದ ನೋವು. ಹೀಗಾಗಿ ನೋವು ಖಾಯಂ ಆಯಿತು, ನೌಕರಿ ಆಗಲಿಲ್ಲ.

ರಜೆ ಅರ್ಜಿಯಲ್ಲಿ ‘ಮುಟ್ಟಿನ ನೋವು’ ಎಂದು ಬರೆಯಲು ಪೆನ್ನು ಮೇಲೇಳುತ್ತಿರಲಿಲ್ಲ. ‘ಜ್ವರ’ ಎಂದು ಬರೆಯುತ್ತಿದ್ದಳು. ಮ್ಯಾನೇಜರು ಸೂಕ್ಷ್ಮ ಬುದ್ಧಿಯ ಮನುಷ್ಯ. ಜ್ವರ ಇಪ್ಪತ್ತೆಂಟು ದಿನಕ್ಕೊಮ್ಮೆ ತಪ್ಪದೆ ಬರುವುದನ್ನು ಕಂಡುಹಿಡಿದು, ಇದು ಸೊಳ್ಳೆಯ ಕೆಲಸವೇ ಎಂದು ತೀರ್ಮಾನಿಸಿ, ಪ್ರತಿ ತಿಂಗಳೂ ಅವಳ ಕೋಣೆಗೆ ಹೊಗೆ ಹಾಕಿಸಿದರು. ಸೊಳ್ಳೆಗಳು ವರ್ಗವಾಗಿ ಟಿಕೆಟ್ ಕೌಂಟರಿಗೆ ಹೋದವು. ಮೈಕಕ್ಕನ ಜ್ವರ ಕದಲಲಿಲ್ಲ.

ವೈದ್ಯರೇನು ಕಡಿಮೆಯೇ? ಮೊದಲನೆಯವರು ಮದುವೆಯಾದರೆ ಸರಿಹೋಗುತ್ತೆ ಎಂದರು. ಆದಳು. ಎರಡನೆಯವರು ಮಗುವಾದರೆ ಸರಿಹೋಗುತ್ತೆ ಎಂದರು. ಅದೂ ಆಯಿತು. ಮೂರನೆಯವರು ವಯಸ್ಸಾದರೆ ಸರಿಹೋಗುತ್ತೆ ಎಂದಾಗ, ಇನ್ನು ಇವರನ್ನು ನಂಬಿದರೆ ಸತ್ತ ಮೇಲೆ ಪೂರ್ತಿ ಗುಣವಾಗುತ್ತದೆಂದು ಖಾತ್ರಿಯಾಗಿ ಎದ್ದು ಬಂದಳು. ನಾಲ್ಕನೆಯ ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿ, ಎಂಡೊಮೆಟ್ರಿಯೋಸಿಸ್ ಎಂದರು.

“ಗರ್ಭಕೋಶದ ಒಳಗಿರೋ ಪದರದಂಥದ್ದೇ ಹೊರಗೂ ಬೆಳೆದಿದೆ. ತಿಂಗಳು ತಿಂಗಳೂ ಅದೂ ಕೆರಳುತ್ತೆ.”

“ಬಸ್ಸು ಬೇರೆ ಪ್ಲಾಟ್‌ಫಾರಂಗೆ ಬಂದು ನಿಂತಿದೆ ಅನ್ನಿ.”

“ಸರಿಯಾಗಿ ಹೇಳಿದ್ರಿ. ಈ ಹಾರ್ಮೋನ್ ಗುಳಿಗೆ ಬಸ್ಸನ್ನ ಎತ್ತಿ ಆಚೆ ಹಾಕಲ್ಲ. ಇಂಜಿನ್ ಆಫ್ ಮಾಡಿಡುತ್ತೆ. ದಿನಾ ಒಂದು, ಒಂದೇ ಹೊತ್ತಿಗೆ, ತಪ್ಪಿಸಬಾರದು.”

ಮೊದಲೆರಡು ತಿಂಗಳು ಗುಳಿಗೆಯೂ ಆಟ ಆಡಿಸಿತು. ಯಾವಾಗೆಂದರೆ ಆವಾಗ ಚೂರುಚೂರು ಸ್ರಾವ, ಕಾರಣವಿಲ್ಲದ ಅಳು. “ಬಸ್ಸು ರದ್ದಾಗಿದೆ” ಎನ್ನುವಲ್ಲಿ ಅವಳ ಗಂಟಲು ಎಷ್ಟು ಕಟ್ಟುತ್ತಿತ್ತೆಂದರೆ, ಬೈಯಲು ಬಂದ ಪ್ರಯಾಣಿಕರು ಸಮಾಧಾನ ಹೇಳಿ ಹೋಗುತ್ತಿದ್ದರು. ಆದರೆ ನೋವು ಇಳಿಯಿತು. ಹಾಜರಿ ಪುಸ್ತಕದಲ್ಲಿ ಐದು ತಿಂಗಳು ಒಂದೂ ಕೆಂಪು ಗುರುತಿಲ್ಲ. ಇನ್ನೊಂದು ತಿಂಗಳು ಕಳೆದರೆ ಕುರ್ಚಿ ಅವಳದು ಎನ್ನುವಾಗ ಮೈಕು ಬಾಯಿ ಬಿಟ್ಟಿತು.

ಸುದ್ದಿ ಅವಳಿಗಿಂತ ಮುಂಚಿನ ಬಸ್ಸಿನಲ್ಲೇ ಮನೆ ಸೇರಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಇವಳು ಬಚ್ಚಿಟ್ಟು ದಿನಕ್ಕೊಂದು ಕತ್ತರಿಸಿ ಒಯ್ಯುತ್ತಿದ್ದ ಗುಳಿಗೆಯ ಸ್ಟ್ರಿಪ್ಪು ಆಗಲೇ ಅವರ ಬೀರುವಿನೊಳಗೆ, ಬೀಗದ ಕೈ ಸೊಂಟದಲ್ಲಿ.

“ಅಲ್ಲ ಕಣೇ, ಔಷಧಿ ಅಂಗಡಿಯವನಿಗೆ ತೋರಿಸಿದೆ, ಹಾರ್ಮೋನಂತೆ! ನಾಳೆ ಗಡ್ಡ ಬಂದ್ರೆ ಏನ್ ಮಾಡ್ತೀಯ?”

“ಬೋಳಿಸ್ಕೋತೀನಿ ಅತ್ತೆ. ನಿಮ್ಮ ಮಗನ ರೇಜರ್ ಹೇಗೂ ವಾರಗಟ್ಟಲೆ ಖಾಲಿ ಬಿದ್ದಿರುತ್ತೆ.”

“ಬಾಯಿಗೇನೂ ಕಮ್ಮಿ ಇಲ್ಲ. ನಾವೆಲ್ಲ ನೋವು ತಿಂದೇ ಬದುಕಲಿಲ್ವಾ?”

“ಅತ್ತೆ, ನಾಳೆ ತಪ್ಪಿದ್ರೆ ಮತ್ತೆ ನೋವು ಶುರುವಾದರೂ ಆಗಬಹುದು. ಒಂದು ದಿನ ರಜೆ ಹಾಕಿದ್ರೂ ಐದು ತಿಂಗಳು ನೀರಲ್ಲಿ ಹೋಮ ಮಾಡಿದ ಹಾಗೆ.” ಆಮೇಲೆ ಸುಮ್ಮನೆ ಕೇಳಿದಳು, “ನೀವೆಷ್ಟು ತಿಂದ್ರಿ?”

“ಏನು?”

“ನೋವು.”

ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ಈ ಪ್ರಶ್ನೆಯನ್ನು ಅವರಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ.

“ಮೂರು ದಿನ. ಒಗೆಯೋ ಕಲ್ಲಿಗೆ ಹೊಟ್ಟೆ ಒತ್ಕೊಂಡು ಬಟ್ಟೆ ಒಗೀತಾ ಇದ್ದೆ. ನಿಮ್ಮ ಮಾವ ಅದನ್ನ ನೋಡಿ, ನಮ್ಮವಳು ಎಷ್ಟು ಶ್ರದ್ಧೆಯಿಂದ ಒಗೀತಾಳೆ ಅಂತ ಬಂದವರಿಗೆಲ್ಲ ಹೇಳೋರು.”

ಅಷ್ಟು ಹೇಳಿ ಸೊಂಟದ ಬೀಗದ ಕೈ ತೆಗೆದು ಎದ್ದರು. ಬೀರು ಕಿರ್ ಎಂದಿತು. ಅತ್ತೆ ಸ್ಟ್ರಿಪ್ಪನ್ನು ಸೊಸೆಯ ಕೈಗಿಟ್ಟರು. “ತಪ್ಪಿಸದೆ ನುಂಗು. ಗಡ್ಡದ ವಿಷಯ ಆಮೇಲೆ ನೋಡ್ಕೊಳ್ಳೋಣ.”

ಆರನೇ ತಿಂಗಳೂ ದಾಟಿತು. ಮ್ಯಾನೇಜರು ಖಾಯಂ ಆದೇಶವನ್ನು ಎಲ್ಲರೆದುರು ಓದಿ, ಶಿಸ್ತು ಎಂದರೆ ಇದು, ಇನ್ನು ನಿವೃತ್ತಿಯವರೆಗೂ ಈ ಕುರ್ಚಿ ಒಂದು ದಿನವೂ ಖಾಲಿ ಇರುವುದಿಲ್ಲ ಎಂದು ಭಾಷಣ ಮಾಡಿದರು. ಚಪ್ಪಾಳೆ ಬಿತ್ತು. ಮೈಕಕ್ಕ ಆದೇಶವನ್ನು ಮಡಚಿ ಚೀಲದೊಳಗಿಟ್ಟು, ಅದೇ ಚೀಲದಿಂದ ಬರೆದು ತಂದಿದ್ದ ಇನ್ನೊಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ನಾಳೆಗೆ ಒಂದು ದಿನದ ರಜೆ. ಕಾರಣದ ಜಾಗ ಖಾಲಿ.

ಮ್ಯಾನೇಜರ ಮುಖ ಸಣ್ಣದಾಯಿತು. “ಏನಾಯ್ತಮ್ಮ ಮತ್ತೆ?”

“ಏನೂ ಆಗಿಲ್ಲ ಸಾರ್,” ಎಂದಳು. “ಸುಮ್ನೆ.”