ಛತ್ರಿ ಮೇಡಂ ಕೇಳುವ ಆಧಾರ

ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಛತ್ರಿ ಮೇಡಂ ಹತ್ತು ಹನ್ನೆರಡು ಜನರ ಸೈನ್ಯ ಕಟ್ಟಿಕೊಂಡು, ಊರಿನ ಹೆಂಗಸರ ಇತಿಹಾಸ ತೋರಿಸಲು ಕಾಲ್ನಡಿಗೆಯಲ್ಲಿ ದಂಡಯಾತ್ರೆ ಹೊರಡುತ್ತಾರೆ. ಮಡಚಿದ ಛತ್ರಿಯೇ ಖಡ್ಗ. ಚೌಕದಲ್ಲಿ ಕುದುರೆಯೇರಿದ ಸೇನಾಪತಿಯ ಪ್ರತಿಮೆಗೆ ಬೆನ್ನು ತಿರುಗಿಸಿ, "ಇವರನ್ನ ಪಾರಿವಾಳ ನೋಡ್ಕೊಳ್ತವೆ, ನೀವು ಈ ಕಡೆ ನೋಡಿ" ಎನ್ನುತ್ತಾರೆ. ಆ ಕಡೆ ಇರುವುದು ಬರೀ ಪಾರ್ಕಿಂಗ್ ಜಾಗ. ಊರಿನ ಮೊದಲ ಲೇಡಿ ಡಾಕ್ಟರ ದವಾಖಾನೆ ಇದ್ದದ್ದು ಅಲ್ಲೇ ಎಂದು ಛತ್ರಿ ಚಾಚಿದರೆ, ಸ್ಕೂಟರ್ ನಿಲ್ಲಿಸುತ್ತಿದ್ದವನು ಅಪರಾಧಿಯಂತೆ ಗಾಡಿ ಸರಿಸುತ್ತಾನೆ. ಕಾಗದಪತ್ರ ಇಲ್ಲದೆ ಮೇಡಂ ಯಾವ ಮಾತನ್ನೂ ನಂಬುವವರಲ್ಲ, ಗಂಡ ಉಪ್ಪು ಕಡಿಮೆ ಎಂದರೂ "ಆಧಾರ ಏನ್ರೀ?" ಎನ್ನುತ್ತಾರೆ. ಕೊನೆಗೆ ಬರುವುದು ಹಳೆಯ ಟೆಲಿಫೋನ್ ಕಚೇರಿಯ ಹಿಂಬಾಗಿಲು. ಮುಂದಿನ ತಿಂಗಳು ಅದನ್ನು ಕೆಡವುತ್ತಾರೆ. ಬೇಡವೆಂದು ಮೇಡಂ ಕೊಟ್ಟ ಅರ್ಜಿ ಆಧಾರವಿಲ್ಲವೆಂದು ವಾಪಸ್ಸು ಬಂದಿದೆ. "ಇಲ್ಲೊಬ್ಬಳು ಮೂವತ್ತು ವರ್ಷ ಊರಿಗೆಲ್ಲ ಲೈನ್ ಜೋಡಿಸಿದ್ಲು. ಯಾವ ಕಡತದಲ್ಲೂ ಹೆಸರಿಲ್ಲ." ಪ್ರತಿ ವಾರವೂ ಯಾರಾದರೊಬ್ಬರು ಗೆದ್ದ ಖುಷಿಯಲ್ಲಿ, "ಮತ್ತೆ ಆಧಾರ ಏನು ಮೇಡಂ?" ಎಂದು ಕೇಳಿಯೇ ಕೇಳುತ್ತಾರೆ. ಮೇಡಂ ಛತ್ರಿ ಕೆಳಗಿಟ್ಟು, ಮೂರನೇ ಮೆಟ್ಟಿಲ ಧೂಳನ್ನು ಅಂಗೈಯಿಂದ ಒರೆಸಿ ಕೂರುತ್ತಾರೆ. "ಸ್ಕೂಲು ಬಿಟ್ಮೇಲೆ, ಅಮ್ಮನ ಡ್ಯೂಟಿ ಮುಗಿಯೋವರೆಗೂ ನಾನು ಕೂರ್ತಿದ್ದದ್ದು ಇಲ್ಲೇ ಕಣ್ರೀ."