ಪಂಪಾಪತಿ ಮಾಸ್ತರರು ದುರ್ಬೀನಿಗೆ ಸ್ಟ್ಯಾಂಡ್ ಹುಡುಕಿದ್ದು

ಚಪ್ಪಲಿ ಕೊಳ್ಳಲು ಹೋದರೆ ಪಂಪಾಪತಿ ಮಾಸ್ತರರು ಎಡಗಾಲಿಗೆ ಒಂದು ಜೋಡಿಯದು, ಬಲಗಾಲಿಗೆ ಇನ್ನೊಂದು ಜೋಡಿಯದು ಹಾಕಿಕೊಂಡು ಅಂಗಡಿ ಮುಚ್ಚುವವರೆಗೂ ಅಡ್ಡಾಡುತ್ತಾರೆ. ಕೊನೆಗೆ ಹಳೆಯ ಚಪ್ಪಲಿಯಲ್ಲೇ ಮನೆಗೆ ಬರುತ್ತಾರೆ. ಇಂಥ ಮನುಷ್ಯನಿಗೆ ದುರ್ಬೀನಿನ ಸ್ಟ್ಯಾಂಡ್ ಆರಿಸುವ ಕೆಲಸ ಗಂಟುಬಿತ್ತು. ಮಾನ್ವಿಯ ಹೈಸ್ಕೂಲಿನಲ್ಲಿ ಅವರು ಚಿತ್ರಕಲೆ ಕಲಿಸುತ್ತಾರೆ, ನಾನು ಗಣಿತ. ಇಬ್ಬರೂ ದಿನಾ ರಾಯಚೂರಿನಿಂದ ಒಂದೇ ಬಸ್ಸಿನಲ್ಲಿ ಓಡಾಡುವವರು. ಹಾಗಾಗಿ ಅವರ ಗೊಂದಲದಲ್ಲಿ ಅರ್ಧ ಪಾಲು ನನ್ನ ತಲೆಗೇ ಬಂದಿದೆ.

ದುರ್ಬೀನು ಅವರು ಕೊಂಡದ್ದಲ್ಲ. ನಿವೃತ್ತರಾದ ಹೆಡ್‌ಮಾಸ್ತರರು ಮನೆ ಖಾಲಿ ಮಾಡುವಾಗ ಇವರ ಕೈಗೆ ಇಟ್ಟುಹೋದದ್ದು. ಮೊಳದುದ್ದದ ಕೊಳವೆ. ಹಿಂದಿನ ತುದಿಯಲ್ಲಿ ಮೊಣಕೈಯಂತೆ ಮೇಲಕ್ಕೆ ಮಡಚಿದ ತುಂಡು, ಅದರೊಳಗೊಂದು ಕನ್ನಡಿ. ಆಕಾಶ ನೋಡಬೇಕಾದರೂ ತಲೆ ಎತ್ತುವಂತಿಲ್ಲ, ಆ ತುಂಡಿನೊಳಗೆ ಬಗ್ಗಿ ನೋಡಬೇಕು. ಅದರ ಸ್ಟ್ಯಾಂಡ್ ಮಾತ್ರ ಎಂದೋ ಕಳೆದುಹೋಗಿತ್ತು. ಕೈಯಲ್ಲಿ ಹಿಡಿದು ನೋಡಿದರೆ ಚಂದ್ರ ಕುಣಿದಾಡುತ್ತಿದ್ದ.

ಅದು ಕೈಗೆ ಬಂದ ಕೂಡಲೇ ಮಾಸ್ತರರಿಗೆ ನೆನಪಾದದ್ದು ಗಬ್ಬೂರಿನ ಅಕ್ಕ ಗೋಪಮ್ಮ. ತಾಯಿಯಿಲ್ಲದ ತಮ್ಮನನ್ನು ಕೂಲಿ ಮಾಡಿ ಓದಿಸಿದವಳು ಆಕೆ. ಭತ್ತ ನಾಟಿ ಮಾಡಿ, ಹತ್ತಿ ಬಿಡಿಸಿ, ಕಳೆ ಕಿತ್ತು ಬಾಗಿದ ಬೆನ್ನು ಬಾಗಿಯೇ ಉಳಿಯಿತು. ಈಗ ಕತ್ತೂ ಮೇಲೇಳುವುದಿಲ್ಲ. ನಡೆದರೂ ಕುಳಿತರೂ ಆಕೆಗೆ ಕಾಣುವುದು ನೆಲ ಒಂದೇ. ಬಿದಿಗೆಯ ಸಂಜೆ ಚಂದ್ರನನ್ನು ಕಂಡು ಸೀರೆಯ ಒಂದು ಎಳೆ ಕಿತ್ತುಕೊಟ್ಟು ಹೊಸ ಬಟ್ಟೆ ಬೇಡುವ ರೂಢಿ ನಮ್ಮ ಕಡೆ ಇದೆ. ಗೋಪಮ್ಮ ಅದನ್ನು ಬಿಟ್ಟು ವರ್ಷಗಳಾಗಿವೆ. "ನೀವು ನೋಡ್ರಿ, ನಾ ಇಲ್ಲೇ ಕೈ ಮುಗಿತೀನಿ" ಎಂದು ಅಂಗಳದ ಮಣ್ಣಿಗೇ ಕೈ ಮುಗಿದು ಒಳಗೆ ಹೋಗುತ್ತಾಳೆ. ಅಕ್ಕನಿಗೆ ಒಮ್ಮೆಯಾದರೂ ಬಿದಿಗೆ ಚಂದ್ರನನ್ನು ತೋರಿಸಬೇಕೆಂಬುದು ಮಾಸ್ತರರ ಆಸೆ. ಬಸ್ಸಿನಲ್ಲಿ ಒಯ್ಯುವಷ್ಟು ಹಗುರವಾದ, ಚಂದ್ರ ಅಲುಗಾಡದಷ್ಟು ಗಟ್ಟಿಯಾದ ಸ್ಟ್ಯಾಂಡ್ ಸಿಕ್ಕರೆ ಆಯಿತು.

ಮೊದಲು ಮದುವೆ ವಿಡಿಯೊ ತೆಗೆಯುವ ಮುದಸ್ಸಿರ್ ತನ್ನ ಕ್ಯಾಮೆರಾ ಸ್ಟ್ಯಾಂಡ್ ಕೊಟ್ಟ. ಹಗುರವೇನೋ ಹೌದು. ಆದರೆ ತಿರುಪು ಬಿಗಿದು ಕೈಬಿಟ್ಟರೆ ಕೊಳವೆ ತೂಕಡಿಸುತ್ತ ಮೂಗು ಕೆಳಗಿಳಿಸುತ್ತಿತ್ತು.

"ಇದು ದುಲ್ಹನ್‌ಗೆ ನಡೀತದ್ರಿ ಸರ್, ಚಾಂದ್‌ಗೆ ನಡೆಯಂಗಿಲ್ಲ" ಎಂದು ಮುದಸ್ಸಿರನೇ ವಾಪಸ್ಸು ಒಯ್ದ.

ಆಮೇಲೆ ಮೊಬೈಲಿನಲ್ಲಿ ಹುಡುಕಾಟ ಶುರುವಾಯಿತು. ಒಂದು ಜಾತಿಯ ಸ್ಟ್ಯಾಂಡನ್ನು ಧ್ರುವ ನಕ್ಷತ್ರದ ಕಡೆ ಮಾಡಿ ನಿಲ್ಲಿಸಿ, ಸಮತೂಕಕ್ಕೆ ಕಬ್ಬಿಣದ ಗುಂಡು ಸಿಕ್ಕಿಸಬೇಕಂತೆ. ಹಾಗೆ ಮಾಡಿದರೆ ಒಂದೇ ತಿರುಪಿನಿಂದ ಚಂದ್ರನ ಬೆನ್ನು ಹತ್ತಬಹುದು. ಇನ್ನೊಂದು ಜಾತಿಯದು ಮೇಲೆ ಕೆಳಗೆ, ಆಚೆ ಈಚೆ ಅಷ್ಟೇ ಆಡುತ್ತದೆ. ಮೊದಲನೆಯದು ಭಾರ, ಎರಡನೆಯದು ಹಗುರ. ಬಸ್ ಕಲ್ಲೂರು ದಾಟುವ ಹೊತ್ತಿಗೆ ಮಾಸ್ತರರು ಮೊದಲನೆಯದನ್ನು ನಿಶ್ಚಯಿಸಿರುತ್ತಿದ್ದರು, ಮಾನ್ವಿಯಲ್ಲಿ ಇಳಿಯುವಾಗ ಎರಡನೆಯದನ್ನು.

"ಟೀಚರ್ರಿ, ಎಂಟು ಕೆಜಿ ಅಂದ್ರ ಎಷ್ಟ್ ಭಾರ ಇರ್ತದ್ರಿ?" ಎಂದು ಒಂದು ದಿನ ಕೇಳಿದರು.

"ಎಂಟು ಕೆಜಿ ಇರ್ತದ್ರಿ" ಎಂದೆ. ನನಗೂ ತಲೆ ಚಿಟ್ಟುಹಿಡಿದಿತ್ತು.

ಮರುದಿನ ಅವರು ಗಿರಣಿಯಲ್ಲಿ ಎಂಟು ಕೆಜಿ ಸೋನಾ ಮಸೂರಿ ತೂಗಿಸಿಕೊಂಡು ಬಸ್ ಹತ್ತಿದರು. ಸ್ಟ್ಯಾಂಡಿನ ಭಾರ ಹೊರಲು ಆಗುತ್ತದೋ ಇಲ್ಲವೋ ಎಂಬ ಪರೀಕ್ಷೆ ಅದು. ವಾರವಿಡೀ ಆ ಚೀಲ ಮಾನ್ವಿಗೆ ಹೋಯಿತು, ಸಂಜೆ ರಾಯಚೂರಿಗೆ ಬಂತು. ಬಿಸಿಯೂಟ ಮಾಡುವ ಬಸವಂತಮ್ಮ ತಡೆಯಲಾರದೆ ಕೇಳಿಯೇಬಿಟ್ಟಳು: "ಸರ್, ಅಕ್ಕಿ ವ್ಯಾಪಾರ ಚಾಲೂ ಮಾಡೀರೇನ್ರಿ? ಹಳೇ ಅಕ್ಕಿ ಇದ್ರ ನನಗೂ ಒಂದೀಟು ಹಾಕ್ರಿ."

ಭುಜ ಹಿಡಿದುಕೊಂಡ ಮೇಲೆ ಅಕ್ಕಿ ಅರ್ಧಕ್ಕಿಳಿಯಿತು, ಅಂತೂ ಹಗುರದ್ದೇ ಗೆದ್ದಿತು. ಅದರಲ್ಲೂ ಉದ್ದ ಕಾಲಿನದೋ ಗಿಡ್ಡ ಕಾಲಿನದೋ ಎಂಬ ಹೊಸ ಪೀಕಲಾಟ. ಬಗ್ಗಿ ನೋಡಿದರೆ ನಡು ಹಿಡಿಯುತ್ತದೆ, ಉದ್ದದ್ದೇ ಇರಲಿ ಎಂದು ಮೊಬೈಲಿನ ಪಂಡಿತರೆಲ್ಲ ಒಂದೇ ಬಾಯಲ್ಲಿ ಹೇಳಿದ್ದರಿಂದ ಮಾಸ್ತರರು ಉದ್ದ ಕಾಲಿನದನ್ನೇ ತರಿಸಿದರು.

ಬಿದಿಗೆಯ ದಿನ ನಾನು ದೇವದುರ್ಗದ ಅತ್ತೆಮನೆಗೆ ಹೊರಟಿದ್ದೆ. ಅದೇ ಬಸ್ಸಿನಲ್ಲಿ ಮಾಸ್ತರರು ಗಬ್ಬೂರಿಗೆ ಹೊರಟಿದ್ದರು. ಒಬ್ಬರೇ ಜೋಡಿಸಲು ಗಾಬರಿಯಾಗುತ್ತದೆ ಎಂದು ನನ್ನನ್ನೂ ಅಲ್ಲೇ ಇಳಿಸಿಕೊಂಡರು.

ಹೊತ್ತು ಮುಳುಗಿತು. ಪಡುವಣದಲ್ಲಿ, ಪಕ್ಕದ ಮನೆಯ ಮಾಳಿಗೆಯ ಮೇಲೆ, ಉಗುರಿನಷ್ಟು ಚಂದ್ರ ಕಂಡ. ಮಾಸ್ತರರು ಅಂಗಳದಲ್ಲಿ ಸ್ಟ್ಯಾಂಡ್ ನಿಲ್ಲಿಸಿ, ಚಂದ್ರನನ್ನು ಹಿಡಿದು, "ಬಾರಬೇ ಅಕ್ಕಾ" ಎಂದು ಕೂಗಿದರು. ಗೋಪಮ್ಮ ಕೋಲೂರಿಕೊಂಡು ಬಂದಳು. ನೋಡುವ ಗಾಜು ಮಾಸ್ತರರ ಎದೆಯ ಮಟ್ಟಕ್ಕಿತ್ತು. ಆಕೆಯ ಮುಖ ಅವರ ಸೊಂಟಕ್ಕಿಂತ ಕೆಳಗೆ.

"ಎಲ್ಲೋ ಚಂದ್ರಾಮ? ನನಗ ಮೂರು ಕಾಲು ಕಾಣಾಕತ್ತಾವ."

ಮಾಸ್ತರರು ಕಾಲುಗಳನ್ನು ಒಳಗೆ ಎಳೆದು ಗಿಡ್ಡ ಮಾಡಿದರು. ಆದರೂ ಎತ್ತರವೇ. ಸ್ಟೂಲ್ ತಂದರು, ಅಕ್ಕ ಬಿದ್ದಾಳೆಂದು ಒಳಗೆ ಒಯ್ದಿಟ್ಟರು. "ಗಿಡ್ಡ ಕಾಲಿಂದು ತರಬೇಕಿತ್ರಿ ಟೀಚರ್ರಿ. ಆದ್ರ ಅದಕ್ಕ ಟೇಬಲ್ ಬೇಕಲ್ರಿ. ಟೇಬಲ್ ಬಸ್ಸಿನಾಗ ಹ್ಯಾಂಗ..." ಎಂದು ಮತ್ತೆ ಮೊದಲಿನಿಂದ ಶುರುಮಾಡಿದರು. ಚಂದ್ರ ಮಾಳಿಗೆಯ ಕಡೆ ಇಳಿಯುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು. "ಸರ್, ನಿಮ್ಮ ಟೇಬಲ್ ಬರೋತನಕ ಚಂದ್ರ ನಿಂದ್ರಂಗಿಲ್ರಿ!" ಎಂದು ಒದರಿದೆ.

"ಯಾಕ ಒದರಾಡ್ತೀರಿ? ನಾ ಕಟ್ಟಿ ಮ್ಯಾಲ ಕುಂದ್ರತೀನಿ, ಅದನ್ನ ಇಲ್ಲಿ ಕೆಳಗ ತಂದು ನಿಂದ್ರಸು" ಎಂದಳು ಗೋಪಮ್ಮ.

ಮನೆಯ ಮುಂದಿನ ಕಟ್ಟೆ ಎತ್ತರದ್ದು. ಆಕೆ ಅಂಚಿನಲ್ಲಿ ಕುಳಿತಳು. ಮಾಸ್ತರರು ಸ್ಟ್ಯಾಂಡನ್ನು ಎದುರಿಗೆ ಅಂಗಳದಲ್ಲಿ ನಿಲ್ಲಿಸಿದಾಗ ಗಾಜು ಸರಿಯಾಗಿ ಆಕೆಯ ಮುಖದ ಕೆಳಗೆ ಬಂತು. ನಾವಾದರೆ ಬಗ್ಗಬೇಕಿತ್ತು, ಆಕೆ ಬಗ್ಗಿಯೇ ಇದ್ದಳು. ಅದನ್ನು ಕಂಡು ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಆಕೆ ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಗಾಜಿಗೆ ಒತ್ತಿದಳು.

"ಮಾರಿ ತುಂಬ ಮೈಲಿ ಕಲಿ ಅದಾವಲ್ಲೋ ತಮ್ಮಾ" ಎಂದಳು, ಚಂದ್ರನ ಕುಳಿಗಳನ್ನು ಸಿಡುಬಿನ ಕಲೆಗಳೆಂದುಕೊಂಡು. ಹಾಗೆಯೇ ನೋಡುತ್ತ, "ಇಂವ ಆ ಕಡಿ ವಾಲ್ಯಾನಲ್ಲ? ಮೊದಲ ಈ ಕಡಿ ವಾಲತಿದ್ದ."

"ಒಳಗ ಕನ್ನಡಿ ಅದ ಬೇ, ಎಡಾ ಬಲಾ ಅದಲುಬದಲು... ಅಥವಾ ನಾನ ಏನರ ತಪ್ಪು ಜೋಡಿಸೀನೋ..."

"ಇರಲಿ ಬಿಡು. ಅಂವನ ಅದಾನ."

ಗೋಪಮ್ಮ ಕಣ್ಣು ತೆಗೆಯದೆಯೇ ಸೆರಗಿನ ಅಂಚು ತಡಕಿ ಒಂದು ಎಳೆ ಕಿತ್ತಳು. ಆದರೆ ಅದನ್ನು ಯಾವ ದಿಕ್ಕಿಗೆ ಹಿಡಿಯಬೇಕೋ ಆಕೆಗೆ ತಿಳಿಯಲಿಲ್ಲ. ಕೈ ಗಾಳಿಯಲ್ಲಿ ಹುಡುಕಿತು. ಮಾಸ್ತರರು ಒಂದು ಕೈಯಲ್ಲಿ ತಿರುಪು ಆಡಿಸುತ್ತಲೇ ಇನ್ನೊಂದು ಕೈಯಿಂದ ಅಕ್ಕನ ಮಣಿಕಟ್ಟು ಹಿಡಿದು ಪಡುವಣಕ್ಕೆ ತಿರುಗಿಸಿದರು. "ಹಳೇದು ತಗೋ, ಹೊಸಾದು ಕೊಡು" ಎಂದು ಆಕೆ ಎಳೆ ಬಿಟ್ಟಳು.

ಮಾಸ್ತರರ ಕಣ್ಣಲ್ಲಿ ನೀರು ಬಂತು. ತಿರುಪಿನ ಮೇಲಿದ್ದ ಕೈಯಿಂದಲೇ ಒರೆಸಿಕೊಂಡರು. ಅಷ್ಟರಲ್ಲಿ ಚಂದ್ರ ಗಾಜಿನಿಂದ ಜಾರಿಹೋದ.

"ಹೋದನೇನು? ನಿಂದ್ರಬೇ, ಹಿಡಕೊಂಡ್ ಬರ್ತೀನಿ" ಎಂದು ಅವರು ಗಡಬಡಿಸಿ ತಿರುಪಿಗೆ ಕೈ ಹಾಕಿದರು.

"ತಿರುವಬ್ಯಾಡ" ಎಂದಳು ಗೋಪಮ್ಮ. "ಈಗ ಬರೇ ಆಕಾಶ ಅದ. ಇಷ್ಟು ವರ್ಷ ಇದನ್ನೂ ನೋಡಿದ್ದಿಲ್ಲಲ್ಲೋ ನಾನು."

ಮಾಸ್ತರರು ಕೈ ತೆಗೆದರು.