ಪಂಚನಾಮೆಗೆ ಸೇರಿದ ಕಾಲು

ಕೋವಿಡ್‌ನ ಎರಡನೆಯ ಅಲೆ ಇಳಿದ ಮರುವರ್ಷ ನಾನು ಕಲಬುರಗಿಯಲ್ಲಿ ಹಿರಿಯ ಆರೋಗ್ಯ ನಿರೀಕ್ಷಕಿಯಾಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಆರೋಗ್ಯ ನಿರೀಕ್ಷಕಿ ಎಂದರೆ ಸೂಜಿ-ಔಷಧಿಯವಳು ಎಂದೇ ಜೇವರ್ಗಿ ಕಾಲೋನಿಯ ನಮ್ಮ ಓಣಿಯವರು ಕೊನೆಯವರೆಗೂ ತಿಳಿದಿದ್ದರು. ಮಕ್ಕಳಿಗೆ ಜ್ವರ ಬಂದರೆ ನೇರ ನಮ್ಮ ಮನೆಗೇ ಬರುತ್ತಿದ್ದರು. ನನ್ನ ಕೆಲಸ ಬೇರೆಯೇ ಇತ್ತು: ಕಸ, ಚರಂಡಿ, ಅಂಗಡಿಗಳ ಪರವಾನಗಿ, ನಿಯಮ ಮುರಿದವರಿಗೆ ದಂಡ.

ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ನನಗೆ ಹಾಕಿದ್ದ ಡ್ಯೂಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೀರಿಕೊಂಡವರನ್ನು ಮನೆಯವರಿಗೆ ಒಪ್ಪಿಸುವಾಗ ಹೆಸರು, ವಯಸ್ಸು, ಸಹಿ ಬರೆಸಿಕೊಳ್ಳುವ ಕೆಲಸ ಅದು. ಮೊದಮೊದಲು ಮನೆಗೆ ಬಂದು ಅಳುತ್ತಿದ್ದೆ. ಆಮೇಲೆ ಅಳು ನಿಂತಿತು, ಅದರ ಜೊತೆಗೆ ಉಳಿದದ್ದೆಲ್ಲವೂ ನಿಂತಿತು. ಊಟಕ್ಕೆ ರುಚಿ ಇರಲಿಲ್ಲ, ಸಿಟ್ಟೂ ಬರುತ್ತಿರಲಿಲ್ಲ. ಕಚೇರಿಯಲ್ಲಿ ಮಾತ್ರ ಇದನ್ನು ಒಳ್ಳೆಯ ಗುಣ ಎಂದುಕೊಂಡರು. ಯಾರು ಬಂದು ಕಣ್ಣೀರು ಹಾಕಿದರೂ ಮೇಡಂ ಬಗ್ಗುವುದಿಲ್ಲ ಎಂದು ಕಷ್ಟದ ಓಣಿಗಳನ್ನೆಲ್ಲ ನನಗೇ ಕೊಟ್ಟರು.

ದಂಡದ ಕೆಲಸ ಹೇಗೆ ನಡೆಯುತ್ತದೆ ಎಂದು ಓದುಗರಿಗೆ ಸ್ವಲ್ಪ ಹೇಳಬೇಕು. ಮೊದಲು ಬಾಯಿಮಾತಿನ ಎಚ್ಚರಿಕೆ, ಆಮೇಲೆ ನೋಟಿಸ್. ನೋಟಿಸ್‌ಗೂ ಬಗ್ಗದಿದ್ದರೆ ದಂಡ. ದಂಡವನ್ನೂ ಕಟ್ಟದೆ ತಪ್ಪನ್ನೂ ಬಿಡದೆ ಇದ್ದರೆ ಅಂಗಡಿಗೆ ಬೀಗ ಹಾಕಿ, ಬೀಗಕ್ಕೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತುತ್ತೇವೆ. ಅದಕ್ಕೂ ಮೊದಲು ಒಳಗಿರುವ ಪ್ರತಿ ವಸ್ತುವನ್ನೂ ಪಟ್ಟಿ ಮಾಡಿ, ಓಣಿಯ ಇಬ್ಬರನ್ನು ಸಾಕ್ಷಿಗೆ ಕರೆದು ಸಹಿ ಹಾಕಿಸಬೇಕು. ಆ ಪಟ್ಟಿಗೆ ಪಂಚನಾಮೆ ಎನ್ನುತ್ತಾರೆ. ಪಂಚನಾಮೆಯಲ್ಲಿ ಒಂದು ಅಕ್ಷರವನ್ನೂ ಹೊಡೆದು ಹಾಕುವಂತಿಲ್ಲ. ಹಿಂದೊಮ್ಮೆ ಒಂದು ಹೋಟೆಲ್ಲಿನ ಪಂಚನಾಮೆಯಲ್ಲಿ ಎರಡು ಸಿಲಿಂಡರ್ ಎಂದು ಬರೆದದ್ದನ್ನು ಹೊಡೆದು ಒಂದು ಎಂದು ತಿದ್ದಿದ್ದೆ. ಇನ್ನೊಂದು ಎಲ್ಲಿ ಹೋಯಿತು ಎಂದು ಮೆಮೊ ಬಂತು. ಅದಕ್ಕೆ ಉತ್ತರ ಬರೆದು ಬರೆದು ನನಗೆ ಸಾಕುಸಾಕಾಗಿತ್ತು. ಅಂದಿನಿಂದ ನಾನು ತಿದ್ದುವುದನ್ನೇ ಬಿಟ್ಟೆ.

ಮೋಮಿನಪುರದ ಒಂದು ಸಂದಿಯಲ್ಲಿ ಇಬ್ರಾಹಿಂ ಸಾಬರ ಚರ್ಮದ ಕೆಲಸದ ಅಂಗಡಿ ಇತ್ತು. ಚಪ್ಪಲಿ, ಬೆಲ್ಟು, ಚೀಲ ಹೊಲಿಯುತ್ತಿದ್ದರು. ಅರವತ್ತು ದಾಟಿದ ಮನುಷ್ಯ, ಕೈ ಚುರುಕು, ಮಾತು ಇನ್ನೂ ಚುರುಕು. ಅವರ ತಪ್ಪು ಎರಡು: ಪರವಾನಗಿ ನವೀಕರಿಸಿರಲಿಲ್ಲ ಮತ್ತು ಚರ್ಮದ ಚೂರುಗಳನ್ನು ದಿನಾ ಸಂಜೆ ಚರಂಡಿಗೆ ಗುಡಿಸುತ್ತಿದ್ದರು. ಚೂರುಗಳು ನೀರಲ್ಲಿ ಉಬ್ಬಿ ಚರಂಡಿ ಕಟ್ಟಿ, ಹೊಲಸು ನೀರು ಪಕ್ಕದ ಮನೆಗಳ ಹೊಸ್ತಿಲಿಗೆ ಬರುತ್ತಿತ್ತು. ಮೂರು ನೋಟಿಸ್ ಕೊಟ್ಟೆ. ಪ್ರತಿ ಸಲ ಚಹಾ ತರಿಸಿ, "ಅಗ್ಲೇ ಹಫ್ತೇ ಪಕ್ಕಾ ರೀ ಮೇಡಂ" ಎನ್ನುತ್ತಿದ್ದರು. ಮುಂದಿನ ವಾರ ಮತ್ತೆ ಅದೇ ಚೂರು, ಅದೇ ನೀರು. ಅವರಿಗೆ ದಂಡ ಹಾಕಿದ್ದು ತಪ್ಪು ಎಂದು ನಾನು ಇವತ್ತಿಗೂ ಹೇಳುವುದಿಲ್ಲ.

ಸೀಲ್ ಮಾಡಲು ಹೋದದ್ದು ಒಂದು ಗುರುವಾರ ಮಧ್ಯಾಹ್ನ. ಇಬ್ರಾಹಿಂ ಸಾಬ್ ಜಗಳವಾಡಲಿಲ್ಲ. ಮೂಲೆಯಲ್ಲಿ ನಿಂತು ನಾನು ಬರೆಯುವುದನ್ನು ನೋಡುತ್ತಿದ್ದರು. ಹೊಲಿಗೆ ಯಂತ್ರ ಒಂದು. ಮರದ ಅಚ್ಚು ಹನ್ನೆರಡು ಜೊತೆ. ಅಂಟಿನ ಡಬ್ಬಿ ನಾಲ್ಕು. ಗೋಡೆಯ ಮೊಳೆಗೆ ಒಂದು ಕೃತಕ ಕಾಲು ನೇತು ಹಾಕಿತ್ತು, ಮೊಣಕಾಲಿನ ಕೆಳಗಿನದು, ಬೆರಳುಗಳನ್ನೂ ಕೊರೆದಿದ್ದರು. ಅದರ ತೊಡೆಪಟ್ಟಿ ಅರ್ಧ ಹೊಲಿದು ದಾರ ಇಳಿಬಿದ್ದಿತ್ತು. ಹದಿನಾರನೆಯ ಸಾಲಿನಲ್ಲಿ "ಕೃತಕ ಕಾಲು – ಒಂದು, ಬಲಗಡೆಯದು" ಎಂದು ಬರೆದೆ. ಬಲಗಡೆಯದು ಎಂದು ಸ್ಪಷ್ಟವಾಗಿ ನಮೂದಿಸಬೇಕೆಂಬ ಎಚ್ಚರ ನನಗಿತ್ತು. ಯಾರದು ಎಂದು ಕೇಳಬೇಕೆಂಬ ಎಚ್ಚರ ಇರಲಿಲ್ಲ.

ಸಾಕ್ಷಿಗಳು ಸಹಿ ಹಾಕಿ ತಮ್ಮ ಅಂಗಡಿಗಳಿಗೆ ಹೋದರು. ನಾನು ಜೊತೆಯ ಸಿಬ್ಬಂದಿಗೆ ಅರಗು ಕರಗಿಸಲು ಹೇಳಿದಾಗ ಇಬ್ರಾಹಿಂ ಸಾಬ್ ಅಡ್ಡ ಬಂದರು.

"ಮೇಡಂ, ಏಕ್ ಮಿನಟ್ ರೀ. ಬಾಕಿ ಎಲ್ಲಾ ಇಟ್ಕೋರಿ, ನಾ ಏನೂ ಅನ್ನಂಗಿಲ್ಲ. ಆ ಕಾಲು ಒಂದ್ ಕೊಡ್ರಿ. ಅದು ನಂದಲ್ಲ, ಕಮಲಾಪುರದ ಭೀಮಶಾಂದು. ನಿನ್ನಿ ಕೊಟ್ಟು ಹೋಗ್ಯಾನ, ನಾಳಿ ಮುಂಜಾನೆ ಒಯ್ಲಿಕ್ಕ ಬರ್ತಾನ."

"ಪಂಚನಾಮೆಯಲ್ಲಿ ಬರೆದಾಗಿದೆ" ಎಂದೆ.

"ಹೊಡೆದ್ ಹಾಕ್ರಿ. ಒಂದು ಗೀಟು ಅಷ್ಟೇ ಅಲ್ರೀ?"

"ಆಗುವುದಿಲ್ಲ."

ಹೊಸ ಹಾಳೆ ತೆಗೆದು ಬರೆಯಬಹುದಿತ್ತು. ಇಬ್ಬರು ಸಾಕ್ಷಿಗಳೂ ಕೂಗಿದರೆ ಕೇಳುವಷ್ಟು ದೂರದಲ್ಲೇ ಇದ್ದರು. ಹೆಚ್ಚೆಂದರೆ ಅರ್ಧ ತಾಸಿನ ಕೆಲಸ. ಸಿಟ್ಟಿನಿಂದಾಗಲಿ ಸೇಡಿನಿಂದಾಗಲಿ ನಾನು ಒಲ್ಲೆ ಎನ್ನಲಿಲ್ಲ. ಬಿಸಿಲಿತ್ತು, ಇನ್ನೂ ಎರಡು ಅಂಗಡಿ ಬಾಕಿ ಇದ್ದವು, ಮತ್ತು ನನಗೆ ಏನೂ ಅನ್ನಿಸಲಿಲ್ಲ. ಮುದ್ರೆ ಒತ್ತಿ ಜೀಪು ಹತ್ತಿದೆ.

ಮರುದಿನ ಭೀಮಶಾ ಬಂದ. ಕಮಲಾಪುರದಲ್ಲಿ ಮನೆಮನೆಗೆ ನೀರು ಬಿಡುವ ಕೆಲಸ ಅವನದು, ಗುತ್ತಿಗೆದಾರನ ಕೈಕೆಳಗೆ. ನಸುಕಿನಲ್ಲಿ ಎದ್ದು ಓಣಿ ಓಣಿ ನಡೆದು ವಾಲ್ವ್ ತಿರುಗಿಸಬೇಕು, ತಾಸಿನ ಲೆಕ್ಕಕ್ಕೆ ಮುಚ್ಚಬೇಕು. ಲಾರಿ ಹಾಯ್ದು ಕಾಲು ಹೋದ ಮೇಲೆ ಸಿಕ್ಕ ಕೆಲಸ ಅದು. ಇಬ್ರಾಹಿಂ ಸಾಬ್ ಅವನನ್ನು ಆಟೊದಲ್ಲಿ ನಮ್ಮ ಕಚೇರಿಗೆ ಕರೆತಂದಿದ್ದರು. ಎರಡು ಕಂಕುಳ ಕೋಲು ಗೋಡೆಗೆ ಆನಿಸಿ, ಪ್ಯಾಂಟಿನ ಬಲಗಾಲನ್ನು ಮಡಚಿ ಪಿನ್ನು ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದ. ಕಿಟಕಿಯಿಂದ ಕಂಡೆ. ನಾನು ಫೀಲ್ಡಿಗೆ ಹೋಗಿದ್ದೇನೆ ಎಂದು ಅವರಿಗೆ ಹೇಳಿಸಿದೆ. ಸಂಜೆ ಹೊರಗೆ ಬಂದಾಗ ಬೆಂಚು ಖಾಲಿ ಇತ್ತು.

ಇಬ್ರಾಹಿಂ ಸಾಬ್ ಅದೇ ದಿನ ದಂಡದ ಚಲನ್ ಕಟ್ಟಿದ್ದರು. ಆದರೆ ಚಲನ್ ಕಟ್ಟಿದರೆ ಬೀಗ ತೆಗೆಯುವುದಿಲ್ಲ. ಪರವಾನಗಿಯ ಅರ್ಜಿ ಆನ್‌ಲೈನ್‌ನಲ್ಲಿ ಹೋಗಬೇಕು, ನಾನು ವರದಿ ಬರೆಯಬೇಕು, ಮೇಲಧಿಕಾರಿ ಸಹಿ ಮಾಡಬೇಕು. ಶನಿವಾರ, ಭಾನುವಾರ ರಜೆ. ಸೋಮವಾರ ಸರ್ವರ್ ಇಲ್ಲ. ಮಂಗಳವಾರ ಅಧಿಕಾರಿಗೆ ಮೀಟಿಂಗ್. ಫೈಲು ನನ್ನ ಮೇಜಿನ ಮೇಲೆಯೇ ಎರಡು ದಿನ ಇತ್ತು, ಉಳಿದ ಫೈಲುಗಳ ಸರದಿಯಲ್ಲಿ.

ಎಂಟನೆಯ ದಿನ ಮುಂಜಾನೆ ಒಬ್ಬ ಹೆಣ್ಣುಮಗಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಭೀಮಶಾನ ಹೆಂಡತಿ ಶಾಂತಾಬಾಯಿ. ಕೂಡು ಎಂದರೂ ಕೂಡಲಿಲ್ಲ. ಮೊದಲ ಮೂರು ದಿನ ಗಂಡನ ಬದಲು ತಾನೇ ಹೋಗಿ ವಾಲ್ವ್ ತಿರುಗಿಸಿದಳಂತೆ. ಯಾವ ಓಣಿಗೆ ಎಷ್ಟು ಹೊತ್ತು ಎಂಬುದು ಅವನ ತಲೆಯಲ್ಲಿತ್ತು, ಇವಳಿಗೆ ಹೇಳಿ ಕಳಿಸಿದ್ದು ಒಂದೆರಡು ಕಡೆ ತಪ್ಪಿತು. ಒಂದು ಓಣಿಗೆ ನೀರೇ ಹೋಗಲಿಲ್ಲ. ಜನ ಗುತ್ತಿಗೆದಾರನ ಮನೆಗೆ ಕೊಡ ಹಿಡಿದುಕೊಂಡು ಹೋದರು. ಅವನು ಬೇರೆಯವನನ್ನು ಇಟ್ಟುಕೊಂಡ.

ಇಷ್ಟನ್ನೂ ಅವಳು ದನಿ ಏರಿಸದೆ ಹೇಳಿದಳು. ಆಮೇಲೆ ಕೇಳಿದಳು: "ತಪ್ಪು ಸಾಬರದು, ದಂಡ ಅವರು ಕಟ್ಯಾರ. ನಮ್ಮ ಮನಿಯವರ ಕಾಲಿಗೂ ದಂಡ ಹಾಕೀರೇನ್ರಿ? ಎಷ್ಟದ ಹೇಳ್ರಿ, ಕಟ್ಟಿ ಒಯ್ತೀನಿ."

ಅವಳು ಚುಚ್ಚುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಸೆರಗಿನ ತುದಿಯ ಗಂಟಿನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಳು. ನನಗೆ ನಾಚಿಕೆಯಾಯಿತು. ಒಂದು ವರ್ಷದಿಂದ ಏನೂ ಆಗದ ನನಗೆ ಅಷ್ಟಾದರೂ ಆಯಿತು.

ಫೈಲು ಕೈಯಲ್ಲಿ ಹಿಡಿದುಕೊಂಡು ನಾನೇ ಮಹಡಿ ಹತ್ತಿದೆ. ಎರಡು ತಾಸಿನಲ್ಲಿ ಸಹಿಯಾಯಿತು. ಎಂಟು ದಿನ ತಡೆದದ್ದು ಯಾವ ನಿಯಮವೂ ಅಲ್ಲ ಎಂದು ಆಗ ತಿಳಿಯಿತು. ಮಧ್ಯಾಹ್ನ ಶಾಂತಾಬಾಯಿಯನ್ನು ಕರೆದುಕೊಂಡು ಮೋಮಿನಪುರಕ್ಕೆ ಹೋಗಿ ಅರಗು ಒಡೆದೆ. ಇಬ್ರಾಹಿಂ ಸಾಬ್ ನನ್ನ ಕಡೆ ನೋಡದೆ ಮೊಳೆಯಿಂದ ಕಾಲು ಇಳಿಸಿಕೊಂಡು, ಅಲ್ಲೇ ಕೂತು ಪಟ್ಟಿ ಹೊಲಿದು ಮುಗಿಸಿದರು. ಕೂಲಿ ಕೊಡಲು ಹೋದ ಶಾಂತಾಬಾಯಿಗೆ, "ಜಾವ್ ಬಹನ್, ಸುಮ್ಮ್ ಹೋಗವ್ವಾ" ಎಂದರು. ಅವತ್ತು ನನಗೆ ಚಹಾ ತರಿಸಲಿಲ್ಲ.

ಅವಳ ಜೊತೆ ನಾನೂ ಕಮಲಾಪುರದ ಬಸ್ಸು ಹತ್ತಿದೆ. ಅವಳು ಕಾಲನ್ನು ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮನೆಯಲ್ಲಿ ಭೀಮಶಾ ಕಟ್ಟೆಯ ಮೇಲೆ ಕೂತಿದ್ದ. ಕಾಲು ಕಟ್ಟಿಕೊಂಡು ಎದ್ದು, ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ ನೋಡಿದ. "ಸಾಬ ಛಲೋ ಹೊಲ್ದಾನ" ಎಂದ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವನು ಹೆಂಡತಿಗೆ ನನಗೊಂದು ತಂಬಿಗೆ ನೀರು ಕೊಡಲು ಹೇಳಿದ, ಅಷ್ಟೇ.

ಮೂವರೂ ಗುತ್ತಿಗೆದಾರನ ಮನೆಗೆ ಹೋದೆವು. ಕೆಟ್ಟ ಮನುಷ್ಯನಲ್ಲ. ಎಲ್ಲ ಕೇಳಿಕೊಂಡು ನನಗೆ ಹೇಳಿದ: "ಮೇಡಂ, ಹೊಸಬನ್ನ ಹಂಗೇ ಬಿಡಿಸಿದ್ರ ನಾಳಿ ಅವನ ಕಡೀಯವರು ಬಂದು ಕೂಡ್ತಾರ. ಇವನ ಕಾಲು ನಿಮ್ಮ ಆಫೀಸಿನ ವಶದಾಗ ಇತ್ತು, ಅದಕ್ಕ ಬರಲಿಲ್ಲ ಅಂತ ಒಂದು ಲೆಟರ್ ಬರ್ಕೊಡ್ರಿ. ನಾ ಅದನ್ನ ತೋರ್ಸಿ ಭೀಮಶಾನ್ನ ತಿರುಗಿ ಹಚ್ಕೋತೀನಿ."

"ನಾಳೆ ಕಳಿಸುತ್ತೇನೆ" ಎಂದೆ. ಭೀಮಶಾ ಕೈ ಮುಗಿದ.

ಮರುದಿನ ಹಾಳೆ ತೆಗೆದುಕೊಂಡು ಕೂತೆ. ಬರೆದರೆ ಅದು ದಾಖಲೆ. ಅಂಗವಿಕಲನ ಕಾಲನ್ನು ಜಪ್ತಿ ಮಾಡಿದ್ದೇಕೆ ಎಂದು ಮೆಮೊ ಬರುತ್ತದೆ, ವಿಚಾರಣೆ ನಡೆಯುತ್ತದೆ, ಪಿಂಚಣಿಯ ಕಾಗದ ಅಲ್ಲೇ ನಿಲ್ಲುತ್ತದೆ. ಸೋಮವಾರ ಬರೆದರಾಯಿತು ಎಂದುಕೊಂಡೆ. ಸೋಮವಾರ ಬೇರೆ ಕೆಲಸ ಬಂತು. ಗುತ್ತಿಗೆದಾರ ಎರಡು ಸಲ ಫೋನ್ ಮಾಡಿದ, ಮೂರನೆಯ ಸಲ ಮಾಡಲಿಲ್ಲ. ಶಾಂತಾಬಾಯಿ ಮತ್ತೆ ಬರಲಿಲ್ಲ. ಆ ನಾಚಿಕೆಯೂ ಒಂದು ತಿಂಗಳಲ್ಲಿ ಮಾಸಿತು, ನಾನು ಮೊದಲಿನಂತಾದೆ.

ನಿವೃತ್ತಿಯ ನಂತರ ಬೀದರಿಗೆ ಹೋಗುವಾಗ ಕಮಲಾಪುರದಲ್ಲಿ ಬಸ್ಸು ನಿಂತಿತ್ತು. ಭೀಮಶಾ ರಸ್ತೆಯ ಬದಿಗೆ ಕೆಂಪು ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ. ಬಸ್ಸು ಬಂದಾಗ ಎದ್ದು ಕಿಟಕಿ ಕಿಟಕಿಗೆ ಹಣ್ಣು ಎತ್ತಿ ಹಿಡಿಯುತ್ತಿದ್ದ. ಎರಡು ಕಾಲಿನವರು ಅವನಿಗಿಂತ ಮೊದಲೇ ಕಿಟಕಿ ಮುಟ್ಟುತ್ತಿದ್ದರು. ನಾನು ಮುಖ ತಿರುಗಿಸಿಕೊಂಡೆ.

ಬೀಳ್ಕೊಡುಗೆಯ ದಿನ ಕಿರಿಯ ನಿರೀಕ್ಷಕರಿಗೆ ನಾನು ಹೇಳಿದ ಮಾತು: ಪಟ್ಟಿ ಮಾಡುವಾಗ ವಸ್ತು ಯಾವುದು ಎಂದಷ್ಟೇ ಬರೆಯಬೇಡಿ, ಯಾರದು ಎಂದು ಕೇಳಿ. ಎಲ್ಲರೂ ತಲೆಯಾಡಿಸಿದರು. ಅದು ಕೆಲಸ ಕಲಿಸಿದ ಪಾಠದ ಅರ್ಧ ಮಾತ್ರ. ಉಳಿದರ್ಧ ಅಂದು ಹೇಳಲಿಲ್ಲ. ಮೂವತ್ತು ವರ್ಷ ನಾನು ಇತರರ ತಪ್ಪನ್ನು ದಿನಾಂಕ ಹಾಕಿ, ಸಾಕ್ಷಿ ಕರೆದು ಬರೆದೆ. ನನ್ನದನ್ನು ಒಂದು ಸಾಲು ಬರೆಯಲು ಕೈ ಬರಲಿಲ್ಲ. ಗುತ್ತಿಗೆದಾರನಿಗೆ ನಾನು ಬರೆದುಕೊಡಬೇಕಾಗಿದ್ದುದು ಇಷ್ಟೇ:

ಕಮಲಾಪುರದ ಭೀಮಶಾ ಅವರು ಎಂಟು ದಿನ ಕೆಲಸಕ್ಕೆ ಬಾರದಿದ್ದುದು ಅವರ ತಪ್ಪಲ್ಲ. ಅವರ ಕಾಲು ನನ್ನ ವಶದಲ್ಲಿತ್ತು. ಕೇಳಿದಾಗ ನಾನು ಕೊಡಲಿಲ್ಲ.